ತುಳಿಯದ ಪೆಡಲ್

ರೂಬೆನ್ ಕಾಕತಿಯವರ ಬಲಗೈ ನಡುಗುತ್ತಿತ್ತು. ಡ್ರಮ್ ಕಡ್ಡಿಯ ತುದಿ ಗಾಳಿಯಲ್ಲಿ ತೊನೆದು, ಪ್ಯಾಡಿನ ಮೇಲೆ ಒಂದು ಪೆಟ್ಟಿನ ಬದಲು ಮೂರು ಪೆಟ್ಟು ಬೀಳುತ್ತಿತ್ತು. ಆದರೆ ಸ್ಪೀಕರಿನಿಂದ ಹೊರಟದ್ದು ಒಂದೇ ಪೆಟ್ಟು: ತುಂಬಿದ್ದು, ಸ್ವಚ್ಛವಾದದ್ದು, ತಾಳಕ್ಕೆ ಕೂದಲೆಳೆಯಷ್ಟೂ ತಪ್ಪದ್ದು. ಹುಬ್ಬಳ್ಳಿಯ ಕೇಶ್ವಾಪುರದ ಆ ಸಭಾಂಗಣದಲ್ಲಿ ಕಣ್ಣು ಮುಚ್ಚಿ ಕೂತವರಿಗೆ, ಬಾರಿಸುತ್ತಿರುವವರು ಅರವತ್ತು ದಾಟಿದ ರೋಗಿ ಎಂದರೆ ನಂಬಿಕೆ ಬರುತ್ತಿರಲಿಲ್ಲ.

ಊರಿನಲ್ಲಿ ಪೆಟ್ರೋಲ್ ಬಂಕುಗಳು ಮುಚ್ಚಿ ವರ್ಷಗಳಾಗಿದ್ದವು. ಕಾರುಗಳು ತಾವೇ ದಾರಿ ನೋಡಿಕೊಂಡು ಓಡುತ್ತಿದ್ದವು. ಎಲೆಕ್ಟ್ರಾನಿಕ್ ಡ್ರಮ್ ಮಾತ್ರ ಅಜ್ಜಂದಿರ ಕಾಲದ ತತ್ವದ ಮೇಲೆಯೇ ನಿಂತಿತ್ತು. ಪ್ಯಾಡಿನ ಕೆಳಗೆ ಒಂದು ಪುಟ್ಟ ಬಿಲ್ಲೆ. ಪೆಟ್ಟು ಬಿದ್ದಾಗ ಹುಟ್ಟುವ ಅದುರನ್ನು ಅದು ವಿದ್ಯುತ್ತಾಗಿಸುತ್ತದೆ. ಅದೇ ಟ್ರಿಗರ್. ಎಷ್ಟು ಮೆಲ್ಲಗೆ ತಟ್ಟಿದರೆ ಪೆಟ್ಟೆಂದು ಒಪ್ಪಬೇಕು, ಪಕ್ಕದ ಪ್ಯಾಡಿನ ಅದುರನ್ನು ಎಷ್ಟು ಕಡೆಗಣಿಸಬೇಕು ಎಂಬುದನ್ನು ಬಾರಿಸುವವರ ಕೈಗೆ ತಕ್ಕಂತೆ ಹೊಂದಿಸಬೇಕು. ಇರಾವತಿ ಹಂಚಿನಾಳ ಎಂಬ ವಿಜ್ಞಾನಿ ಇದಕ್ಕೊಂದು ಹೊಸದನ್ನು ಸೇರಿಸಿದ್ದಳು. ಮಣಿಕಟ್ಟಿಗೂ ಕಣಕಾಲಿಗೂ ಕಟ್ಟಿಕೊಳ್ಳುವ ಪಟ್ಟಿಗಳು ಅವು. ನರಗಳಲ್ಲಿ ಇಳಿದುಬಂದ ಆಜ್ಞೆ ಸ್ನಾಯುವಿನಲ್ಲಿ ಎಬ್ಬಿಸುವ ಅತಿ ಸಣ್ಣ ವಿದ್ಯುತ್ತನ್ನು ಅವು ಓದುತ್ತಿದ್ದವು. ಯಾವುದು ಬೇಕೆಂದು ಹೊಡೆದ ಪೆಟ್ಟು, ಯಾವುದು ಕೈ ನಡುಗಿ ಬಿದ್ದದ್ದು ಎಂದು ಬೇರ್ಪಡಿಸಿ, ಬಯಸಿದ್ದನ್ನು ಮಾತ್ರ ನುಡಿಸುತ್ತಿದ್ದವು. ಅವಳು ಅದಕ್ಕೆ 'ಇಂಗಿತ' ಎಂದು ಹೆಸರಿಟ್ಟಿದ್ದಳು.

ಮದುವೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿಯೇ ಬದುಕಿದ್ದ ರೂಬೆನ್, ನಡುಕ ಹಿಡಿದ ಮೇಲೆ ಕಡ್ಡಿಗಳನ್ನು ಅಟ್ಟಕ್ಕೆ ಹಾಕಿದ್ದರು. ಇಂಗಿತ ಅವರನ್ನು ಮತ್ತೆ ವೇದಿಕೆಗೆ ತಂದಿತು. ಅವರು ಬಾರಿಸುವ ದೃಶ್ಯ ದೇಶವೆಲ್ಲ ಹರಡಿ, ಸಾವಿರಾರು ಮನೆಗಳಿಗೆ ಆ ಪಟ್ಟಿಗಳು ಹೋದವು. ಇರಾವತಿಗೆ ಹೆಮ್ಮೆ ಪಡಲು ಅಷ್ಟು ಸಾಕಿತ್ತು. ಆದರೂ ಈಚೆಗೆ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಏಕೆಂದು ಅವಳಿಗೇ ಗೊತ್ತಿರಲಿಲ್ಲ.

"ಇರಾ, ಪೆಡಲ್ ಹಿಂದ ಬೀಳಾಕತ್ತೈತಿ. ಸ್ವಲ್ಪ ಏರಸು," ಎಂದರು ರೂಬೆನ್, ತಾಲೀಮಿನ ನಡುವೆ, ಬಲಗಾಲಿನಿಂದ ತುಳಿದು ದೊಡ್ಡ ಡ್ರಮ್ ಬಾರಿಸುವ ಪೆಡಲನ್ನು ತೋರಿಸಿ.

"ಮೊನ್ನೆ ಏರಿಸೀನಲ್ಲ ಕಾಕಾ?"

"ಏರಿಸಿದಿ, ಮತ್ತ ಹಿಂದ ಬಿತ್ತು. ನನಗಿಂತ ಮೊದಲ ನಿನ್ನ ಯಂತ್ರಕ್ಕ ಮುಪ್ಪು ಬಂತೇನ?"

ಮುಂದಿನ ಕುರ್ಚಿಯಲ್ಲಿದ್ದ ಅವರ ಹೆಂಡತಿ ಮಾರ್ಥಾ ನಕ್ಕರು. ಇರಾವತಿ ನಗುತ್ತಲೇ ಏರಿಸಿದಳು. ಏರಿಸುವುದೆಂದರೆ, ಕಾಲಿನಿಂದ ಬರುವ ಇನ್ನೂ ಕ್ಷೀಣವಾದ ಸಂಕೇತವನ್ನೂ ಪೆಟ್ಟೆಂದೇ ಒಪ್ಪಿಕೊಳ್ಳುವುದು. ಪೆಡಲಿನ ತಿರುಪು ಸಡಿಲಾಗಿರಬಹುದೆಂದು ಅವಳು ನೆಲದ ಮೇಲೆ ಕೂತು ಬಗ್ಗಿ ನೋಡಿದಳು. ರೂಬೆನ್ ಹಾಡಿನ ಪಲ್ಲವಿಗೆ ಬಂದಿದ್ದರು. ಸ್ಪೀಕರಿನಲ್ಲಿ ಢಂ ಎಂದಿತು.

ಪೆಡಲ್ ಕೆಳಗಿಳಿದಿರಲಿಲ್ಲ.

ಮತ್ತೆ ಢಂ. ಶೂ ಹಾಕಿದ ಪಾದ ಪೆಡಲಿನ ಮೇಲೆ ಮಲಗಿದಂತೆ ಬಿದ್ದಿತ್ತು. ಮೇಲೆ ಅವರ ಮುಖ ಬೆವರಿ ಅರಳಿತ್ತು, ತಲೆ ತಾಳಕ್ಕೆ ತೂಗುತ್ತಿತ್ತು. ತುಳಿಯುತ್ತಿದ್ದೇನೆಂದೇ ಅವರು ತಿಳಿದಿದ್ದರು.

"ಕಾಲು ಹೆಂಗೈತಿ ಕಾಕಾ?" ಎಂದು ಅವಳು ಕೇಳಿದಳು.

"ನಿನಗ ಕೇಳ್ಸಲಿಲ್ಲೇನು? ಕುದುರಿ ಓಡಿದಂಗ ಓಡ್ತೈತಿ!"

ಆಗಲೇ ಹೇಳಬೇಕಿತ್ತು. ಆದರೆ ಭಾನುವಾರ ಕಾರ್ಯಕ್ರಮವಿತ್ತು, ಆ ಮುಖದ ಮೇಲೆ ಅಂಥ ಬೆಳಕಿತ್ತು. ಮುಗಿದ ಮೇಲೆ ಡಾಕ್ಟರ ಹತ್ತಿರ ತಾನೇ ಕರೆದುಕೊಂಡು ಹೋದರಾಯಿತು ಎಂದುಕೊಂಡಳು. ಗಂಡಹೆಂಡತಿ ಹೊರಟರು. ಅವಳು ವೈರುಗಳನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಕಿಟಕಿಯ ತನಕ ಹೋಗಿ ಬಂದಳು. ಹೊರಗಿನಿಂದ ಹಳೇ ಬ್ಯಾಟರಿ ವ್ಯಾನು ಹೊರಟ ಸದ್ದು ಕೇಳಿಸಿತು. ವಾದ್ಯ ಹೊರುವ ಆ ವ್ಯಾನನ್ನು ರೂಬೆನ್ ಯಾವ ಯಂತ್ರಕ್ಕೂ ಒಪ್ಪಿಸದೆ ತಾವೇ ಓಡಿಸುತ್ತಿದ್ದರು.

ಅದರ ಬ್ರೇಕು ಬಲಗಾಲಿನದು.

ಅವಳು ಫೋನ್ ಹಚ್ಚಿದಳು. ಅವರು ಎತ್ತಲಿಲ್ಲ. ಚಪ್ಪಲಿ ಮೆಟ್ಟಿದಳೋ ಇಲ್ಲವೋ, ರಸ್ತೆಗೆ ಓಡಿದಳು.

ಇಳಿಜಾರಿನ ಕೊನೆಗೆ ವ್ಯಾನು ಒಂದು ಕಾಂಪೌಂಡಿನ ಗೋಡೆಗೆ ಮೂತಿ ಗುದ್ದಿ ನಿಂತಿತ್ತು. ಶಾಲೆ ಬಿಟ್ಟ ಹೊತ್ತು. ಮಕ್ಕಳು ರಸ್ತೆ ದಾಟುತ್ತಿದ್ದುದನ್ನು ಕಂಡು ಮಾರ್ಥಾ ಹ್ಯಾಂಡ್‌ಬ್ರೇಕ್ ಎಳೆದು, ಸ್ಟಿಯರಿಂಗನ್ನು ಗೋಡೆಯ ಕಡೆಗೆ ತಿರುವಿದ್ದರು. ಮಕ್ಕಳಿಗೆ ಏನೂ ಆಗಿರಲಿಲ್ಲ. ಮಾರ್ಥಾರ ಮುಂಗೈ ಮುರಿದಿತ್ತು. ಜನ ಅವರನ್ನು ಆಂಬ್ಯುಲೆನ್ಸಿಗೆ ಹತ್ತಿಸುತ್ತಿದ್ದರು.

ರೂಬೆನ್ ಕಲ್ಲಿನ ಮೇಲೆ ಕೂತು ತಮ್ಮ ಕಾಲನ್ನೇ ನೋಡುತ್ತಿದ್ದರು. "ಬ್ರೇಕ್ ಒತ್ತಿದೆನವ್ವಾ. ಆಣಿ ಮಾಡಿ ಹೇಳ್ತೀನಿ, ಒತ್ತಿದೆ. ಗಾಡಿ ಕೇಳಲಿಲ್ಲ."

"ಗಾಡಿದೇನೂ ತಪ್ಪಿಲ್ಲ ಕಾಕಾ." ಅವಳು ಕುಕ್ಕರುಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು.

ರೂಬೆನ್ ಕೇಳಿದರು, "ನಿನಗ ಯಾವಾಗ ಗೊತ್ತಾತು?"

"ಈಗ, ತಾಲೀಮಿನ್ಯಾಗ."

"ಅಂದ್ರ ನಾ ವ್ಯಾನ್ ಹತ್ತೂಕಿಂತ ಮೊದಲ." ಅವರ ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಹಗುರಾಗುತ್ತಿತ್ತು. "ನಡುಕ ಕಣ್ಣಿಗೆ ಕಾಣ್ತಿತ್ತು. ಅದನ್ನ ಮುಚ್ಚಿದಿ ಅಂತ ಎಷ್ಟು ಖುಷಿಪಟ್ಟೆ! ಇದನ್ನೂ ಮುಚ್ಚಿದಿ. ನನ್ನ ಕಾಲು ಹೋದದ್ದು ಊರಿಗೆ ಇರ್ಲಿ, ನನಗ ಗೊತ್ತಾಗಲಿಲ್ಲಲ್ಲ ಇರಾ."

ಮರುವಾರ ಅವಳು ಇಂಗಿತವನ್ನು ಬದಲಿಸಿದಳು. ಬಾರಿಸಲು ಕೂತವರಿಗೆ ಮೊದಲ ಹಾಡು ಇದ್ದದ್ದು ಇದ್ದಂತೆ ಕೇಳಬೇಕು: ನಡುಕ, ತಡವರಿಕೆ, ತುಳಿಯದೇ ಉಳಿದ ಜಾಗ, ಎಲ್ಲವೂ. ಯಂತ್ರ ತಿದ್ದಲು ಶುರುಮಾಡುವುದು ಆಮೇಲೆ. "ಕನ್ನಡಿ ಮಾರಾಕ ಹೊಂಟಿಯೇನು? ಯಾರು ಕೊಳ್ತಾರ?" ಎಂದು, ಪಟ್ಟಿಗಳನ್ನು ಮಾರುವ ಅವಳ ಕಂಪನಿಯ ಪಾಲುದಾರ ಕೂಗಾಡಿದ. ಅವನೆಂದದ್ದು ಪೂರ್ತಿ ಸುಳ್ಳಾಗಲಿಲ್ಲ. ಯಂತ್ರ ಕೆಟ್ಟಿದೆ, ನನ್ನ ಕೈ ಹೀಗಿಲ್ಲ ಎಂದು ದೂರುಗಳು ಸುರಿದವು. ಪಟ್ಟಿ ಬಿಚ್ಚಿಟ್ಟವರು ಬಹಳ. ಕೆಲವರು ಮಾತ್ರ ಸುಮ್ಮನೆ ಡಾಕ್ಟರ ಹತ್ತಿರ ಹೋದರು.

ಇಷ್ಟೆಲ್ಲ ಮಾಡಿದ ಇರಾವತಿಗೆ ಮಾರ್ಥಾರ ಮುಖ ನೋಡುವ ಧೈರ್ಯ ಮಾತ್ರ ಬಂದಿರಲಿಲ್ಲ. ಒಂದು ಮುಂಜಾನೆ ಅವಳು ಫೋನಿನಲ್ಲಿ ಸಂದೇಶ ಬರೆಯಲು ಕೂತಳು. ಮಾರ್ಥಾರನ್ನು ಕರೆಯುವ ಹಾಗೆ 'ಕಾಕು' ಎಂದು ಬರೆಯುವಷ್ಟರಲ್ಲಿ ಮುಂದಿನ ಪದ ತಾನಾಗಿ ಮೂಡಿತು. ಅದನ್ನು ಮುಟ್ಟಿದಾಗ ಅದರ ಮುಂದಿನದು. 'ಕಾಕು, ಬೇಗ ಗುಣಮುಖರಾಗಿ ಎಂದು ಹಾರೈಸುತ್ತೇನೆ.' ಸೊಗಸಾದ ವಾಕ್ಯ, ಒಂದು ಅಕ್ಷರವೂ ತಪ್ಪಿಲ್ಲ. ಹಲವು ತಲೆಮಾರುಗಳಿಂದ ಜನ ಹೀಗೇ ಬರೆಯುತ್ತ ಬಂದಿದ್ದರು. ಅವಳು ಅದನ್ನು ಎರಡು ಸಲ ಓದಿದಳು. ತಾನು ಬರೆಯಲು ಹೊರಟದ್ದು ಏನು? ನೆನಪಾಗಲಿಲ್ಲ.

ಅವಳು ಸಂದೇಶವನ್ನು ಅಳಿಸಿ, ಎದ್ದು, ಅವರ ಮನೆಯ ತನಕ ನಡೆದೇ ಹೋದಳು.

ಬಾಗಿಲು ತೆರೆದವರು ಮಾರ್ಥಾ. ಕೈಗೆ ಪ್ಲಾಸ್ಟರ್. ಅವರು ದಾರಿ ಬಿಡಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. "ಅವತ್ತ ಯಾಕ ಹೇಳಲಿಲ್ಲ?" ಎಂದರು.

"ನಾನು... ಅಂದ್ರ, ಕಾಕಾ ಅಷ್ಟು ಖುಷಿಯಾಗಿದ್ರು... ಅಲ್ಲ. ಅದಲ್ಲ ಕಾಕು." ಫೋನಿನಂತೆ ಮುಂದಿನ ಮಾತನ್ನು ತಂದುಕೊಡುವವರು ಅಲ್ಲಿ ಯಾರೂ ಇರಲಿಲ್ಲ. "ನನಗ... ನನಗ ನನ್ನ ಯಂತ್ರದ ಮ್ಯಾಲ ಪ್ರೀತಿ ಇತ್ತು. ಅದು ತಪ್ಪಾಗೂದು ಬ್ಯಾಡಾಗಿತ್ತು."

ಮಾರ್ಥಾ ಅವಳನ್ನು ದಿಟ್ಟಿಸಿ ನೋಡಿದರು. "ಇದು ನಿನ್ನ ಸ್ವಂತದ ಮಾತು," ಎಂದು ಪಕ್ಕಕ್ಕೆ ಸರಿದರು. "ಒಳಗ ಬಾ. ಉಳಿದದ್ದೂ ಹೇಳು."