ಒಂದು ಗಂಟೆಯ ಐಸ್ ಪ್ಯಾಕ್

"ಏಳು ನಿಮಿಷ ಲೇಟ್," ಎಂದೆ ನಾನು, ಬಸ್ಸಿನ ಮೆಟ್ಟಿಲು ಹತ್ತುತ್ತಲೇ.

ಸ್ಟೀರಿಂಗ್ ಹಿಡಿದಿದ್ದಾಕೆ ತಿರುಗಲಿಲ್ಲ. ಕನ್ನಡಿಯಲ್ಲೇ ನನ್ನನ್ನು ಅಳೆದಳು. "ನಿಮ್ಮ ವಾಚು ಫಾಸ್ಟ್ ಇರ್ಬೇಕು."

ನನ್ನ ವಾಚು! ಹದಿನೆಂಟು ವರ್ಷದಿಂದ ಊರಿನವರ ಗಡಿಯಾರ ರಿಪೇರಿ ಮಾಡಿ ಹೊಟ್ಟೆ ಹೊರೆಯುವವನಿಗೆ ಹೇಳುವ ಮಾತೇ ಇದು? ಮೈಯೆಲ್ಲ ಉರಿಯಿತು. ಮರುದಿನದಿಂದ ನಾನು ನಿಮಿಷ ಲೆಕ್ಕ ಹೇಳಿಯೇ ಬಸ್ ಹತ್ತತೊಡಗಿದೆ. ಆಕೆಯೂ ಅದೇ ಉತ್ತರ ಕೊಡುತ್ತಿದ್ದಳು, ತುಟಿಯ ಒಂದು ಕೊನೆಯನ್ನು ಮಾತ್ರ ಕುಣಿಸಿ. ನಿಜ ಹೇಳಬೇಕೆಂದರೆ, ಬಸ್ಸು ಸರಿಯಾದ ಸಮಯಕ್ಕೆ ಬಂದ ದಿನ ನನಗೆ ಬೇಜಾರಾಗುತ್ತಿತ್ತು.

ಒಂದು ದಿನ ಡ್ರೈವರ್ ಸೀಟಿನಲ್ಲಿ ಬೇರೆ ಯಾರೋ ಇದ್ದರು.

"ಡ್ರೈವರ್ ಮೇಡಂಗೆ ಡಿಸ್ಕ್ ಜಾರಿದೆ ಸಾರ್, ಬೆನ್ನಿಗೆ ಆಪರೇಷನ್ ಆಗ್ತಿದೆ," ಎಂದ ಕಂಡಕ್ಟರ್. "ನಾಲ್ಕು ತಿಂಗಳಿಂದ ನೋವು ನುಂಗ್ಕೊಂಡೇ ಓಡಿಸ್ತಿದ್ರು. ಅದಕ್ಕೇ ಗಾಡಿ ನಿಧಾನ."

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವಳ ನೋವನ್ನು ನಾನು ನಿಮಿಷದಲ್ಲಿ ಎಣಿಸಿ, ಎಲ್ಲರ ಮುಂದೆ ಕೂಗಿ ಹೇಳಿದ್ದೆ.

ಹತ್ತು ದಿನದ ನಂತರ ನನ್ನ ಅಂಗಡಿಯ ಪಕ್ಕದ ಮನೆಗೆ ಒಬ್ಬ ವಯಸ್ಸಾದ ಅಮ್ಮ ಸಾಮಾನು ಇಳಿಸಿದರು. ಮಗಳಿಗೆ ಮೂರನೇ ಮಹಡಿ ಹತ್ತಲಾಗದು, ಅದಕ್ಕೇ ಕೆಳಗಿನ ಮನೆ. ಸಾಗಿಸುವಾಗ ಫ್ರಿಜ್ ಕೆಟ್ಟಿತ್ತು.

"ನಿಮ್ಮ ಅಂಗಡೀಲಿ ಫ್ರಿಜ್ ಇದೆಯಂತಲ್ಲಪ್ಪಾ? ಇದೊಂದು ಐಸ್ ಪ್ಯಾಕ್ ಇಟ್ಕೊಳ್ತೀಯಾ? ಮಗಳ ಬೆನ್ನಿಗೆ ಇಡ್ಬೇಕು. ನನ್ನ ಮೊಣಕಾಲು ಓಡಾಡೋಕೆ ಬಿಡಲ್ಲ."

ತಣ್ಣಗಾದ ಮೇಲೆ ಪ್ಯಾಕ್ ಹಿಡಿದು ಅವರ ಮನೆಯೊಳಗೆ ಹೋದರೆ, ಮಂಚದ ಮೇಲೆ ಮಗ್ಗುಲಾಗಿ ಮಲಗಿದ್ದವಳು ಅವಳೇ. ಕೂದಲು ಕೆದರಿತ್ತು, ಮುಖ ಬಿಳಿಚಿತ್ತು. ನನ್ನನ್ನು ಕಂಡದ್ದೇ ತುಟಿಯ ಕೊನೆ ಕುಣಿಯಿತು.

"ಅಯ್ಯೋ, ಇವ್ರಾ! ಅಮ್ಮಾ, ಐಸು ಎಷ್ಟು ನಿಮಿಷ ಲೇಟಾಯ್ತು ಕೇಳು."

"ಮೇಡಂ, ನಾನು... ನಂಗೊತ್ತಿರ್ಲಿಲ್ಲ."

"ನಾನೂ ಹೇಳಿರ್ಲಿಲ್ವಲ್ಲ. ಕೂತ್ಕೊಳ್ಳಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಇಡ್ಬಾರ್ದಂತೆ. ಟೈಮು ನೋಡೋಕೆ ನಿಮಗಿಂತ ಬೇರೆ ಯಾರು ಬೇಕು?"

ಹಾಗೆ ಶುರುವಾಯಿತು. ದಿನಕ್ಕೆ ಮೂರು ಸಲ ನಾನು ತೆಳು ಟವೆಲಿನಲ್ಲಿ ಸುತ್ತಿ ತರುತ್ತಿದ್ದೆ. ಅಮ್ಮ ಅದನ್ನು ಹೊಲಿಗೆಗೆ ಭಾರ ಬೀಳದಂತೆ, ಪಟ್ಟಿ ಒದ್ದೆಯಾಗದಂತೆ ಅವಳ ಬೆನ್ನಿಗೆ ಒರಗಿಸುತ್ತಿದ್ದರು. ನಾನು ಎದುರಿನ ಸ್ಟೂಲಿನಲ್ಲಿ ಕೂರುತ್ತಿದ್ದೆ. ಮೊದಲ ನಿಮಿಷ ಅವಳು ಹಲ್ಲು ಕಚ್ಚುತ್ತಿದ್ದಳು. ಐದನೆಯದಕ್ಕೆ ಹಣೆಯ ಗಂಟು ಸಡಿಲುತ್ತಿತ್ತು. ಹತ್ತಾದ ಮೇಲೆ ಬರೀ ಕೀಟಲೆ.

"ವಾಚಿನವ್ರೇ, ನೀವು ನಗೋದನ್ನೂ ಟೈಮ್ ನೋಡಿ ನಗ್ತೀರಾ?"

"ನಕ್ಕೆನಲ್ಲ ಈಗ."

"ಅದು ನಗುನಾ? ನಾನು ಹಲ್ಲು ನೋವು ಅಂದ್ಕೊಂಡೆ."

ಒಂದು ದಿನ ಮಾತ್ರ ಅವಳು ಕೀಟಲೆ ಮಾಡಲಿಲ್ಲ. ಆಪರೇಷನ್ನಿಗೆ ಮುಂಚೆ ಎಡಗಾಲಿನ ಹೆಬ್ಬೆರಳು ಮರಗಟ್ಟಿತ್ತಂತೆ. ಕಾಲಲ್ಲಾಗಲಿ ಬೆನ್ನಲ್ಲಾಗಲಿ ಸ್ಪರ್ಶ ಹೋದರೆ ತಕ್ಷಣ ಬನ್ನಿ ಎಂದಿದ್ದರಂತೆ ಡಾಕ್ಟರು. ಡಿಪೋದವರೂ ಪರೀಕ್ಷೆ ಮಾಡಿ, ಸ್ಪರ್ಶ ಸರಿ ಇದ್ದರೆ ಮಾತ್ರ ಮತ್ತೆ ಬಸ್ಸು ಕೊಡುತ್ತಾರಂತೆ.

"ಬಸ್ಸು ಬಿಟ್ರೆ ನಂಗೆ ಬೇರೇನೂ ಬರಲ್ಲ," ಎಂದಳು. ಧ್ವನಿ ಸಣ್ಣಗಿತ್ತು. ಅವತ್ತಿಂದ ನನಗೂ ಆ ಹೆಬ್ಬೆರಳಿನದೇ ಚಿಂತೆ ಹತ್ತಿತು.

ಮೂರನೇ ವಾರ ಡಾಕ್ಟರನ್ನು ನೋಡಿ ಬಂದವಳು, "ಇನ್ಮೇಲೆ ದಿನಕ್ಕೊಂದ್ಸಲ ಸಾಕಂತೆ, ಮಧ್ಯಾಹ್ನ ಒಂದು ಗಂಟೆಗೆ," ಎಂದು ಚಾದರದ ಅಂಚನ್ನು ನೋಡುತ್ತ ಹೇಳಿದಳು. ಮೂರರ ಜಾಗದಲ್ಲಿ ಒಂದು! ನನಗೆ ಸಂಕಟವಾಯಿತು. ವಾಸಿಯಾಗುತ್ತಿದ್ದಾಳೆಂದು ಖುಷಿಪಡುವುದು ಬಿಟ್ಟು ಸಂಕಟಪಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ಇದಾಗಿ ಐದನೆಯ ದಿನ. ಒಂದು ಗಂಟೆಗೆ ಐದು ನಿಮಿಷವಿದೆ, ಫ್ರಿಜ್ ತೆರೆದರೆ ಪ್ಯಾಕ್ ಇಲ್ಲ! ಅಂಗಡಿಯೆಲ್ಲ ತಡಕಿದೆ. ಕೊನೆಗೆ ಸಿಕ್ಕಿದ್ದು, ರಿಪೇರಿ ಮುಗಿದ ವಾಚುಗಳನ್ನಿಡುವ ಡ್ರಾಯರಿನಲ್ಲಿ. ಅದಕ್ಕೊಂದು ಚೀಟಿಯನ್ನೂ ಕಟ್ಟಿದ್ದೆ: "ಡ್ರೈವರ್ ಮೇಡಂ. ಕೊಡುವುದು: ನಾಳೆ ಒಂದು ಗಂಟೆಗೆ." ಅಕ್ಷರ ನನ್ನದೇ. ಹಿಂದಿನ ದಿನ ನಾನು ಹೊರಡುವಾಗ ಅವಳು "ನಾಳೆ ಬೇಗ ಬನ್ನಿ" ಎಂದಿದ್ದಳು. ಆ ಗುಂಗಿನಲ್ಲಿ ಬುದ್ಧಿ ಎಲ್ಲಿತ್ತೋ ಏನೋ!

ಪ್ಯಾಕ್ ಕಲಸಿದ ಹಿಟ್ಟಿನಂತೆ ಮೆತ್ತಗಾಗಿ ಬೆಚ್ಚಗಿತ್ತು. ಹೋಗಿ ನಿಜ ಹೇಳಬಹುದಿತ್ತು. ಹೇಳಿದರೆ ಆ ದಿನದ ಇಪ್ಪತ್ತು ನಿಮಿಷ ಹೋಯಿತಲ್ಲ! ಚೀಟಿಯನ್ನೂ ಬಿಚ್ಚದೆ ಟವೆಲಿನಲ್ಲಿ ಸುತ್ತಿ ಹೊರಟೆ. ಹೇಗೂ ಅವಳೇ ಕಂಡುಹಿಡಿದು ಗೇಲಿ ಮಾಡುತ್ತಾಳೆ, ಮಾಡಲಿ ಎಂದುಕೊಂಡೆ.

ಅಮ್ಮ ಪ್ಯಾಕ್ ಈಸಿಕೊಂಡು ನನ್ನ ಮುಖವನ್ನೊಮ್ಮೆ ನೋಡಿದರು. ಹಾಗೇ ಮಗಳ ಬೆನ್ನಿಗೆ ಇಟ್ಟರು.

"ಅಬ್ಬಾ! ಎಷ್ಟು ತಣ್ಣಗಿದೆ!" ಎಂದಳು ಅವಳು.

ಬೆಚ್ಚಗಿದ್ದದ್ದು ಇವಳಿಗೆ ತಣ್ಣಗೆನ್ನಿಸುತ್ತಿದೆಯೇ? ಅಂದರೆ ಬೆನ್ನಿಗೆ ಸ್ಪರ್ಶವೇ ಇಲ್ಲವೇ? ಅವಳು ಡಿಪೋದ ಯಾವುದೋ ತಮಾಷೆ ಹೇಳುತ್ತಿದ್ದಳು. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

"ಮೇಡಂ, ಸರಿಯಾಗಿ ನೋಡಿ ಹೇಳಿ. ನಿಜವಾಗ್ಲೂ ತಣ್ಣಗಿದೆಯಾ?"

"ಹ್ಞೂಂ ಮತ್ತೆ! ನಡುಕ ಬರೋ ಹಾಗಿದೆ."

ನಾನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. "ಅಮ್ಮಾ, ಆಟೋ ತರ್ತೀನಿ, ಈಗ್ಲೇ ಆಸ್ಪತ್ರೆಗೆ ಹೋಗೋಣ. ಅದು ತಣ್ಣಗಿಲ್ಲ! ಫ್ರಿಜ್ಜಲ್ಲಿ ಇಟ್ಟೇ ಇರ್ಲಿಲ್ಲ ನಾನು. ಇವ್ರಿಗೆ ಸ್ಪರ್ಶ ಹೋಗಿದೆ!" ಅವಳ ಕಡೆ ತಿರುಗಿದೆ. "ಬಸ್ಸು ಒಂದು ಗಂಟೆ ಲೇಟಾಗ್ಲಿ ಮೇಡಂ, ದಿನಾ ಲೇಟಾಗ್ಲಿ, ನಾನು ತುಟಿ ಪಿಟಕ್ ಅನ್ನಲ್ಲ. ನಿಮಗೇನೂ ಆಗ್ಬಾರ್ದು. ನೀವಿಲ್ದೆ ನಂಗೆ... ನಂಗೆ ಆಗಲ್ಲ."

ಅವಳ ಕಿವಿ ನಿಧಾನವಾಗಿ ಕೆಂಪಾಗುವುದನ್ನು ನಾನು ನೋಡಿದೆ.

"ಸ್ಟೂಲ್ ಎತ್ತಿ ಕೂತ್ಕೊಳ್ಳಿ," ಎಂದಳು ಮೆಲ್ಲಗೆ. "ಬೆಚ್ಚಗಿದೆ ಅಂತ ನಂಗೊತ್ತು. ತಾಗಿದ ತಕ್ಷಣಾನೇ ಗೊತ್ತಾಯ್ತು."

"ಮತ್ಯಾಕೆ ಹಾಗಂದ್ರಿ?"

"ಬೆಚ್ಚಗಿದೆ ಅಂದಿದ್ರೆ ನೀವು ಪ್ಯಾಕ್ ಎತ್ಕೊಂಡು ಹೋಗ್ಬಿಡ್ತಿದ್ರಿ."

ನನಗೆ ನಂಬಿಕೆ ಬರಲಿಲ್ಲ. ನನ್ನನ್ನು ಸಮಾಧಾನಪಡಿಸಲು ಹೇಳುತ್ತಿದ್ದಾಳೆಂದೇ ಅನಿಸಿತು. ವಾಚಿನ ಧೂಳು ಒರೆಸುವ ಸಣ್ಣ ಕುಂಚ ಜೇಬಿನಲ್ಲಿತ್ತು. "ಕಣ್ಣು ಮುಚ್ಚಿ," ಎಂದು ಅದರ ತುದಿಯನ್ನು ಅವಳ ಎಡಗಾಲಿಗೆ ತಾಗಿಸಿದೆ.

"ಹೆಬ್ಬೆರಳು," ಎಂದಳು.

ಮತ್ತೊಂದು ಕಡೆ ತಾಗಿಸಿದೆ.

"ಕಿರುಬೆರಳು. ಇದು ಹಿಮ್ಮಡಿ. ಅಯ್ಯೋ, ಅಲ್ಲಿ ಬೇಡ, ಕಚಗುಳಿ! ನಗಿಸ್ಬೇಡ್ರೀ, ಬೆನ್ನು ಎಳೆಯುತ್ತೆ!"

ಅವಳು ನಗುತ್ತಿದ್ದಳು. ನಾನು ಕುಂಚ ಹಿಡಿದೇ ನೆಲದ ಮೇಲೆ ಕುಸಿದು ಕೂತು ಅತ್ತುಬಿಟ್ಟೆ, ನಾಚಿಕೆಯಿಲ್ಲದೆ. ಎದೆಯ ಮೇಲಿನ ಬಂಡೆ ಇಳಿದಂತಾಗಿತ್ತು.

ಅಮ್ಮ ದಿಂಬಿನಡಿಯಿಂದ ಒಂದು ಕಾಗದ ಎಳೆದು ನನ್ನ ಕೈಗಿಟ್ಟರು. ಐದು ದಿನದ ಹಿಂದಿನ ಡಾಕ್ಟರ ಚೀಟಿ: ಸ್ಪರ್ಶ ಚೆನ್ನಾಗಿದೆ, ಐಸ್ ಇನ್ನು ಬೇಕಿಲ್ಲ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಗೊತ್ತಾಗಲ್ವಾ?" ಎಂದರು ಅಮ್ಮ. "ಇಲ್ಲಿ ಎರಡೆರಡು ಬೆಕ್ಕು. ಮಧ್ಯದಲ್ಲಿ ಬಿಸಿ ಪ್ಯಾಕ್ ಹಿಡ್ಕೊಂಡು ನಾನು! ಕಾಫಿ ಇಡ್ತೀನಿ, ಅಷ್ಟರಲ್ಲಿ ಇಬ್ರೂ ನಿಜ ಮಾತಾಡಿ ಮುಗಿಸಿ."

ಅವಳು ಪ್ಯಾಕಿನಿಂದ ಚೀಟಿ ಬಿಚ್ಚಿ ಓದಿದಳು. ಎರಡು ಸಲ ಓದಿ, ಮಡಿಸಿ ದಿಂಬಿನಡಿ ಇಟ್ಟುಕೊಂಡಳು. "ನೀವು ಬರೋದು ನಂಗಿಷ್ಟ," ಎಂದಳು, ಈ ಸಲ ತುಟಿ ಕುಣಿಸದೆ. "ಐಸ್ ಇಲ್ದೆನೂ ಬನ್ನಿ."

"ಬರ್ತೀನಿ. ದಿನಾ ಬರ್ತೀನಿ."

ಅಷ್ಟರಲ್ಲಿ ಕೈಯ ವಾಚು ಬೀಪ್ ಎಂದಿತು. ಹಾಳು ಅಭ್ಯಾಸ, ನಾನು ಎದ್ದು ನಿಂತೆ. "ಇಪ್ಪತ್ತು ನಿಮಿಷ ಆಯ್ತು ಮೇಡಂ."

ಅವಳು ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದಳು. "ನಿಮ್ಮ ವಾಚು ಫಾಸ್ಟ್ ಇರ್ಬೇಕು."

ಹದಿನೆಂಟು ವರ್ಷದಲ್ಲಿ ಒಂದು ಸೆಕೆಂಡೂ ತಪ್ಪದ ವಾಚು ಅದು. ಬಿಚ್ಚಿ ಜೇಬಿಗೆ ಹಾಕಿಕೊಂಡೆ.

"ಹೌದು," ಎಂದು ಕೂತೆ. "ತುಂಬಾನೇ ಫಾಸ್ಟ್ ಇದೆ."