ಬಸಿದ ನೀರು

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಗ್ಗೆ ಹತ್ತು ನಲವತ್ತಕ್ಕೆ ಕ್ಷೌರಿಕನ ಹೆಂಡತಿ ಠಾಣೆಯ ಮೆಟ್ಟಿಲು ಹತ್ತಿದಳು. ಬಸ್ ಡಿಪೋದಲ್ಲಿ ಟಿಕೆಟ್ ಕೊಡುವವಳು, ಸಮವಸ್ತ್ರದಲ್ಲೇ ಬಂದಿದ್ದಳು. ದಫೇದಾರರು ಕುರ್ಚಿ ಎಳೆದುಕೊಟ್ಟು ದೂರು ಬರೆದುಕೊಂಡರು. ಗಂಡನಿಗೆ ಕಿಡ್ನಿ ಕೈಕೊಟ್ಟಿದೆ, ವಾರಕ್ಕೆರಡು ಸಲ ಡಯಾಲಿಸಿಸ್. ಭಾನುವಾರ ಗಿರಾಕಿಯ ತಲೆಗೆ ಕೈ ಹಾಕಿದವನಿಗೆ ಕತ್ತರಿ ಆಡಿಸಲು ಬೆರಳೇ ಬರಲಿಲ್ಲ, ನಿಂತಲ್ಲೇ ಕುಸಿದ. ತಿಂಗಳಲ್ಲಿ ಇದು ಎರಡನೇ ಸಲ.

"ಔಷಧಿ ಅಂಗಡಿಯವ್ರು ಏನೋ ತಪ್ಪು ಕೊಟ್ಟಿದಾರೆ ಸಾರ್. ನಾಳೆ ಆಸ್ಪತ್ರೆಯಿಂದ ಮನೆಗೆ ಕಳಿಸ್ತಾರಂತೆ. ಇನ್ನೊಂದ್ಸಲ ಹೀಗಾದ್ರೆ ಉಳಿಯಲ್ಲ ಅಂದ್ರು ಡಾಕ್ಟ್ರು."

ಎಫ್‌ಐಆರ್ ದಾಖಲಾಯಿತು. ಚೀಟಿಗೂ ಮಾತ್ರೆಗೂ ತಾಳೆ ನೋಡಿದರೆ ಅಂಗಡಿಯವರದು ತಪ್ಪಿರಲಿಲ್ಲ. ಹನ್ನೆರಡೂವರೆಗೆ ಇನ್‌ಸ್ಪೆಕ್ಟರ್ ಮೇಡಂ ದಫೇದಾರರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು.

"ರಕ್ತದಲ್ಲಿ ಪೊಟ್ಯಾಷಿಯಂ ವಿಪರೀತ ಏರಿತ್ತು," ಎಂದರು ಡಾಕ್ಟರು.

"ಅದಕ್ಕೂ ಬೆರಳಿಗೂ ಏನು ಸಂಬಂಧ?"

"ನರದ ಕೋಶ, ಸ್ನಾಯುವಿನ ಕೋಶ ಹೂಡಿಟ್ಟ ಇಲಿಬೋನಿನ ಥರ ಮೇಡಂ. ಪೊಟ್ಯಾಷಿಯಂ ಒಳಗೆ ಜಾಸ್ತಿ, ಹೊರಗೆ ಕಮ್ಮಿ ಇದ್ರೇನೇ ಸ್ಪ್ರಿಂಗು ಬಿಗಿಯಾಗಿರೋದು. ಹೊರಗೆ ಏರಿದ್ರೆ ಕೊಂಡಿ ಸಡಿಲ. ಮೊದಮೊದಲು ಸುಮ್ಮಸುಮ್ನೆ ಬಡಿಯುತ್ತೆ, ತುಟಿ ಜುಮ್ಮನ್ನುತ್ತೆ, ಕಾಲು ಅದುರುತ್ತೆ. ಇನ್ನೂ ಏರಿದ್ರೆ ಬಡಿದ ಬೋನು ಬಡಿದಂಗೇ, ತಿರುಗಿ ಹೂಡಕ್ಕಾಗಲ್ಲ. ಕೈ ಏಳಲ್ಲ. ಹೃದಯಾನೂ ಸ್ನಾಯುನೇ ತಾನೆ."

"ಎಲ್ಲಿಂದ ಬರುತ್ತೆ?"

"ಊಟದಿಂದ. ಆರೋಗ್ಯವಾಗಿದ್ದೋರಿಗೆ ಕಿಡ್ನಿ ಹೊರಗೆ ಹಾಕುತ್ತೆ. ಇವ್ರಿಗೆ ಆ ದಾರಿ ಇಲ್ಲ."

ದಫೇದಾರರ ಹೆಂಡತಿ ಇದೇ ಕಾಯಿಲೆಯಲ್ಲಿ ನಾಲ್ಕು ವರ್ಷ ನರಳಿ ಹೋದವರು. ತರಕಾರಿ ಸಣ್ಣಗೆ ಹೆಚ್ಚಿ, ನೆನೆಹಾಕಿ, ಬೇಯಿಸಿ, ಪೊಟ್ಯಾಷಿಯಂ ಬಿಟ್ಟುಕೊಂಡ ನೀರನ್ನು ಬಸಿದು ಮೋರಿಗೆ ಸುರಿದು ಸುರಿದು ದಫೇದಾರರ ಕೈಗೆ ಅಭ್ಯಾಸವಾಗಿತ್ತು.

ಮಧ್ಯಾಹ್ನ ಮೂರಕ್ಕೆ, ಅಕ್ಕಪಕ್ಕದ ಇಬ್ಬರು ಪಂಚರ ಎದುರು ಕ್ಷೌರಿಕನ ಮನೆಯಲ್ಲಿ ಪಂಚನಾಮೆ ಶುರುವಾಯಿತು. ಮೂರನೇ ಮಹಡಿ, ಎರಡು ಕೋಣೆ. ಅಡಿಗೆ ಕ್ಷೌರಿಕನ ಅಕ್ಕನದು. ಮದುವೆಯಾಗದೆ ತಮ್ಮನ ಜೊತೆಗೇ ಉಳಿದ ಹೆಂಗಸು.

"ನಮ್ಮ ದಫೇದಾರ್ರಿಗೆ ಅಡಿಗೆಮನೆ ಕಂಡ್ರೆ ಸಾಕು, ಠಾಣೆ ಮರ್ತೇ ಹೋಗುತ್ತೆ," ಎಂದರು ಇನ್‌ಸ್ಪೆಕ್ಟರ್. ದಫೇದಾರರು ಫ್ರಿಜ್ಜಿನಿಂದ ಒಂದು ಬಾಟಲಿ ಹೊರತೆಗೆದರು. ಒಳಗೆ ಹಳದಿ ಮಿಶ್ರಿತ ಕಂದು ನೀರು.

"ಏನಮ್ಮ ಇದು?"

"ತರಕಾರಿ ಬಸಿದಿದ್ದು."

"ಚೆಲ್ಲೋದಲ್ವಾ?"

"ಗಿಡಕ್ಕೆ ಹಾಕ್ತೀನಿ ಅಣ್ಣ."

ದಫೇದಾರರು ಬಾಲ್ಕನಿಗೆ ಹೋಗಿ ಬಂದರು. ಒಣಗಿದ ಬಟ್ಟೆ, ಒಂದು ಖಾಲಿ ಸಿಲಿಂಡರು.

"ಯಾವ ಗಿಡಕ್ಕಮ್ಮ?"

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಕುದಿಸಿ ಕುದಿಸಿ ಇಂಗಿಸ್ತಿದ್ದೆ. ಅವನ ಸೂಪಿಗೆ ಅದೇ," ಎಂದಳು.

ಬಾಟಲಿಗೆ ಸೀಲು ಬಿತ್ತು. ಕ್ಷೌರಿಕನನ್ನು ಸದ್ಯಕ್ಕೆ ಮನೆಗೆ ಕಳಿಸಬೇಡಿರೆಂದು ಆಸ್ಪತ್ರೆಗೆ ಫೋನು ಹೋಯಿತು. ಐದೂ ಹತ್ತಕ್ಕೆ ಅಕ್ಕನನ್ನು ಬಂಧಿಸಿ ಠಾಣೆಗೆ ಕರೆತಂದರು.

"ಕಿಡ್ನಿ ಕೊಟ್ಟೋಳೇ ನಾನು," ಎಂದಳು ಹೇಳಿಕೆಯಲ್ಲಿ. "ಮೂರು ವರ್ಷಕ್ಕೇ ಹೋಯ್ತು. ಅಕ್ಕನ ಕಿಡ್ನೀನೇ ಸರಿ ಇರ್ಲಿಲ್ಲ ಅಂತ ನೆಂಟರಿಷ್ಟರ ಮುಂದೆಲ್ಲ ಹೇಳ್ಕೊಂಡು ಬಂದ. ನಾನೂ ನಂಬಿದೆ. ಕೊಟ್ಟೋಳು ನಾನಾದ್ರೂ ಅವನೆದುರು ತಲೆ ತಗ್ಗಿಸ್ಕೊಂಡೇ ಓಡಾಡ್ದೆ. ಹೋದ ತಿಂಗಳು ಅವನ ಹಳೇ ಪೆಟ್ಟಿಗೆ ತೊಳೆಯೋಣ ಅಂತ ತೆಗೆದ್ರೆ, ಕೊಟ್ಟ ಕಿಡ್ನಿ ಉಳಿಸೋಕೆ ದಿನಾ ನುಂಗಬೇಕಿದ್ದ ಮಾತ್ರೆಗಳು, ಪೆಟ್ಟಿಗೆ ತುಂಬ. ಒಂದೂ ಒಡೆದಿಲ್ಲ."

"ಕೇಳಿದ್ರಾ ಅವ್ರನ್ನ?"

"ಕೇಳ್ದೆ. ಅದನ್ನ ನುಂಗಿದ್ರೆ ಕೈ ನಡುಗ್ತಿತ್ತಂತೆ, ಗಿರಾಕಿ ಕೂರ್ತಿರ್ಲಿಲ್ವಂತೆ. 'ಆಗಿದ್ದಾಗೋಯ್ತು ಬಿಡಕ್ಕ' ಅಂದ. ನಾನು ಮಾಡಿಕೊಟ್ಟ ಸೂಪು ಕುಡೀತಾ ಅಂದ."

ದಫೇದಾರರು ಬರೆದು ಮುಗಿಸಿ ಹಾಳೆ ಮುಂದಿಟ್ಟರು. ಅವಳು ಪೆನ್ನು ಮುಟ್ಟಲಿಲ್ಲ.

"ನನ್ನ ಕಿಡ್ನಿ ಚೆನ್ನಾಗಿತ್ತು ಅಂತ ಬರ್ದಿದೀರಾ ಅಣ್ಣ?"

ಬರೆದಿರಲಿಲ್ಲ. ದಫೇದಾರರು ಮೇಡಂ ಮುಖ ನೋಡಿದರು, ಮೇಡಂ ತಲೆಯಾಡಿಸಿದರು. ಕೊನೆಯಲ್ಲಿ ಅದೊಂದು ಸಾಲು ಸೇರಿಸಿ, ಗಟ್ಟಿಯಾಗಿ ಓದಿ ಹೇಳಿದರು.

ಅದರ ಕೆಳಗೆ ಅವಳು ರುಜು ಹಾಕಿದಳು.