ಬಿಟ್ಟು ಹೋಗುವ ಮಾತು

“ಜಗಳಕ್ಕೆ ಬಂದಿದೀರಿ. ಮೊದಲು ಕೂತ್ಕೊಳ್ಳಿ,” ಎಂದರು ಅವರು, ತಿರುಗಿಯೂ ನೋಡದೆ.

ನಾನು ಹೋಗಿದ್ದೇ ಜಗಳಕ್ಕೆ. ಕೆಳಗೆ ನಾನು ಕೆಲಸಕ್ಕಿದ್ದ ನನ್ನ ಸೋದರಮಾವನ ಫೋಟೊ ಸ್ಟುಡಿಯೋ, ಮೂರನೇ ಮಹಡಿಯಲ್ಲಿ ಇವರ ಫ್ರೇಮ್ ಹಾಕುವ ಕೋಣೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ಮದುವೆಯ ಗ್ರೂಪ್ ಫೋಟೊದಲ್ಲಿ ಮದುಮಗನ ಸೋದರತ್ತೆಯ ಅರ್ಧ ಮುಖ ಫ್ರೇಮಿನ ಅಂಚಿಗೆ ಸೇರಿಹೋಗಿತ್ತು. ಆಯಮ್ಮ ಸ್ಟುಡಿಯೋಗೆ ಬಂದು ನನ್ನ ನೀರಿಳಿಸಿದ್ದರು.

“ಜಗಳ ಅಂತ ಹೇಗೆ ಗೊತ್ತಾಯ್ತು?”

“ನೀವು ಮೆಟ್ಟಿಲು ಹತ್ತಿದ ರೀತಿ. ಎರಡನೇ ಮಹಡೀಲಿ ಒಂದ್ಸಲ ನಿಂತು ಬೈಗುಳ ಜೋಡಿಸ್ಕೊಂಡ್ರಿ.”

ಜೋಡಿಸಿಕೊಂಡಿದ್ದೆ, ನಿಜ. ಆದರೆ ಅವರು ತಿರುಗಿ ಕಣ್ಣಲ್ಲೇ ನಕ್ಕಾಗ ಒಂದೂ ಬಾಯಿಗೆ ಬರಲಿಲ್ಲ.

ಈಗ ಆ ಕಟ್ಟಡವಿಲ್ಲ. ಫೋಟೊ ಎಲ್ಲ ಫೋನಿನೊಳಗೇ ಉಳಿಯುವ ಕಾಲ. ಆದರೂ ಆ ಕೋಣೆಯ ಮರದ ಪುಡಿ, ಅಂಟಿನ ವಾಸನೆ ನೆನೆದರೆ ಇವತ್ತಿಗೂ ನನ್ನ ಎದೆ ಹಗುರಾಗುತ್ತದೆ.

ಆ ಜಗಳದ ದಿನದಿಂದ ಮೆಟ್ಟಿಲು ಹತ್ತುವುದೇ ನನಗೊಂದು ಆಟವಾಯಿತು. ಬೇಕೆಂದೇ ಕಾಲೆಳೆದುಕೊಂಡು ಹತ್ತುತ್ತಿದ್ದೆ, ಕುಣಿಯುತ್ತ ಹತ್ತುತ್ತಿದ್ದೆ. “ನಗು ತಡ್ಕೊಂಡು ಬರ್ತಿದೀರಿ,” ಎನ್ನುತ್ತಿದ್ದರು. “ಇವತ್ತು ತಲೆನೋವು, ಅಲ್ವಾ?” ಎನ್ನುತ್ತಿದ್ದರು. ಒಮ್ಮೆಯೂ ತಪ್ಪುತ್ತಿರಲಿಲ್ಲ. ಜನ್ಮದಲ್ಲಿ ಯಾರೂ ನನ್ನನ್ನು ಇಷ್ಟು ಕಿವಿಗೊಟ್ಟು ಕೇಳಿರಲಿಲ್ಲ, ನಾನು ಉಬ್ಬಿಹೋದೆ. ಗಾಜಿನಲ್ಲಿ ಗೀರು ಹುಡುಕುವ ನೆಪದಲ್ಲಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರೊಳಗಿಂದ ನನ್ನನ್ನು ನೋಡುತ್ತಿದ್ದರು. ನನಗೆ ಗೊತ್ತಿಲ್ಲ ಅಂದುಕೊಂಡಿದ್ದರು ಪಾಪ.

“ಒಂದೊಂದೇ ಫೋಟೊ ಯಾಕೆ ಹೊರ್ತೀಯ? ಎಲ್ಲ ಒಟ್ಟಿಗೆ ತಗೊಂಡು ಹೋಗ್ಬಾರ್ದಾ?” ಎಂದು ಮಾವ ಕಾಲೆಳೆಯುತ್ತಿದ್ದರು.

“ಭಾರ ಮಾವ.”

“ಹೌದೌದು. ಪಾಸ್‌ಪೋರ್ಟ್ ಸೈಜು ಬಲು ಭಾರ.”

ಫ್ರೇಮಿನವರಲ್ಲಿ ಒಂದೇ ಒಂದು ವಿಷಯ ನನ್ನನ್ನು ರೇಗಿಸುತ್ತಿತ್ತು. ಕಿಟಕಿ ಹಾಕಲಾ ಅಂದರೆ ಹಾಕಿ, ತೆಗೆಯಲಾ ಅಂದರೆ ತೆಗೀರಿ. ಕಾಫಿಯಾ, ಟೀಯಾ? ಯಾವುದಾದ್ರೂ ಸರಿ. ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಗೂ ಸಾರಿ ಹೇಳುವ ಮನುಷ್ಯ.

ಒಂದು ಮಧ್ಯಾಹ್ನ ಅವರನ್ನು ಸೋಲಿಸಲೇಬೇಕೆಂದು ಹಟ ಬಂತು. ಚಪ್ಪಲಿ ಕೆಳಗೇ ಬಿಟ್ಟು, ಗೋಡೆಯ ಪಕ್ಕದಲ್ಲೇ ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಹತ್ತಿದೆ. ಅವರಿಗೆ ಗೊತ್ತಾಗಲಿಲ್ಲ. ಹಿಂದಿನಿಂದ ಹೋಗಿ ಎರಡೂ ಕೈಯಿಂದ ಅವರ ಕಣ್ಣು ಮುಚ್ಚಿದೆ.

ಗಾಜು ಕೈಜಾರಿ ಚೂರಾಯಿತು. ಮೂವತ್ತು ದಾಟಿದ ಆ ಗಂಡಸು ಮೇಜಿನ ಕೆಳಗೆ ಮುದುಡಿ, ತೋಳುಗಳಿಂದ ತಲೆ ಮುಚ್ಚಿಕೊಂಡು, ಪುಟ್ಟ ಹುಡುಗನ ದನಿಯಲ್ಲಿ ಹೇಳುತ್ತಿದ್ದರು, “ಇನ್ನು ಮಾಡಲ್ಲ ಅಪ್ಪಾ. ಇನ್ನು ಮಾಡಲ್ಲ.”

“ನಾನು, ನಾನು ಕಣ್ರೀ,” ಎಂದೆ. ಆಮೇಲೆ ಅವರು ಎದ್ದು, ನನ್ನ ಮುಖ ನೋಡದೆ, ಸಾರಿ ಸಾರಿ ಅನ್ನುತ್ತಲೇ ಗಾಜು ಗುಡಿಸಿದರು.

ಮಾರನೆಯ ದಿನ ಸದ್ದು ಮಾಡಿಕೊಂಡೇ ಹತ್ತಿ, ಅವರೆದುರು ಕೂತೆ. ಅವರೇ ಬಾಯಿಬಿಟ್ಟರು.

“ನಮ್ಮನೇನೂ ಮಹಡಿ ಮೇಲೇ ಇತ್ತು. ಅಪ್ಪ ಹತ್ತೋ ಸದ್ದಲ್ಲೇ ಗೊತ್ತಾಗ್ತಿತ್ತು, ಇವತ್ತು ಬೆಲ್ಟಾ, ಬರೀ ಕೈಯಾ, ಏನೂ ಇಲ್ವಾ ಅಂತ. ತಂಗೀನ ಬೀರು ಒಳಗೆ ಕೂರಿಸಿ ನಾನು ಹೊರಗೆ ನಿಲ್ತಿದ್ದೆ. ನೀವು ಹೊಗಳ್ತಿದ್ರಲ್ಲ, ಆ ವಿದ್ಯೆ ಕಲಿತಿದ್ದು ಅಲ್ಲಿ.”

“ಅಮ್ಮ?”

“ಅಡುಗೆಮನೇಲಿ ನಲ್ಲಿ ಜೋರಾಗಿ ತಿರುಗಿಸ್ತಿದ್ರು. ಕೇಳಿಸ್ಬಾರ್ದು ಅಂತ.”

ನಾನು ಮೆಚ್ಚಿಕೊಂಡಿದ್ದ ಗುಣ ಒಬ್ಬ ಹುಡುಗನ ಗಾಯವಾಗಿತ್ತು. ನನಗೆ ಅಳು ಬಂತು; ಅತ್ತುಬಿಟ್ಟೆ.

ಆ ವಾರವೇ ಮಾವ ಪಕ್ಕದೂರಿನಲ್ಲಿ ಇನ್ನೊಂದು ಸ್ಟುಡಿಯೋ ತೆರೆದು, ನೀನೇ ನೋಡ್ಕೋ ಅಂದರು. ಹೋಗುವ ಮೊದಲು ನನಗೆ ಫ್ರೇಮಿನವರಿಂದ ಒಂದು ಮಾತು ಬೇಕಿತ್ತು. ಬೇಡುವುದೇ ಗೊತ್ತಿಲ್ಲದವರ ಬಾಯಿಂದ ಅದನ್ನು ಹೊರಡಿಸುವುದು ಹೇಗೆ?

ಮೇಲೆ ಹೋಗಿ ವಿಷಯ ಹೇಳಿದೆ. “ಹೋಗಿ, ಒಳ್ಳೇ ಅವಕಾಶ,” ಎಂದರು.

“ನಿಮಗೇನು ಬೇಕು ಅದನ್ನ ಹೇಳಿ.”

ಅವರು ಎರಡೂ ಕೈ ಮೇಜಿನ ಮೇಲೆ ಚಾಚಿದರು. “ನೋಡಿ, ಥೇಟ್ ಅಪ್ಪನ ಕೈ. ನಾಳೆ ನಂಗೊಂದು ಮಗು ಆಗಿ, ನಾನು ಬರೋ ಸದ್ದಿಗೆ ಅದು ಬೀರು ಒಳಗೆ ಹೋಗಿ ಕೂತ್ರೆ?”

ಛೆ, ನೀವು ಅಂಥವರಲ್ಲ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ಅವರಮ್ಮನಿಗೂ ಯಾರೋ ಹಾಗೇ ಹೇಳಿ ಸಮಾಧಾನ ಮಾಡಿರಬೇಕು.

“ಹಾಗೇನಾದ್ರೂ ಆದ್ರೆ ಅವತ್ತೇ ಮಗೂನ ಎತ್ಕೊಂಡು ಹೊರಟುಬಿಡ್ತೀನಿ,” ಎಂದೆ. “ನಲ್ಲಿ ತಿರುಗಿಸ್ಕೊಂಡು ನಿಲ್ಲೋಳಲ್ಲ ನಾನು. ನೀವು ಅತ್ತು ಕರೆದ್ರೂ ವಾಪಸ್ ಬರಲ್ಲ.”

ಅವರು ತಲೆಯೆತ್ತಿದರು. ನನ್ನನ್ನು ಗಾಜಿಲ್ಲದೆ ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

“ಮಾತು ಕೊಡ್ತೀರಾ?”

“ಕೊಟ್ಟೆ.”

ಎಷ್ಟೋ ವರ್ಷದ ಹೊರೆ ಇಳಿಸಿದವರ ಹಾಗೆ ಅವರ ಭುಜ ಕೆಳಗಿಳಿಯಿತು. ಕಣ್ಣು ತುಂಬಿಕೊಂಡಿತ್ತು.

“ಹಾಗಾದ್ರೆ ನನ್ನ ಬಿಟ್ಟು ಹೋಗ್ಬೇಡ,” ಎಂದರು. “ನಂಗೆ ನೀನು ಬೇಕು.”

“ಆ ಊರಲ್ಲೂ ಫ್ರೇಮ್ ಹಾಕೋರು ಬೇಕಂತೆ,” ಎಂದೆ. ಅದಕ್ಕಿಂತ ಒಳ್ಳೆಯದು ತೋಚಲಿಲ್ಲ.

ಕೆಳಗಿಳಿದಾಗ ಮಾವ ಕ್ಯಾಮೆರಾ ಒರೆಸುತ್ತಿದ್ದರು. “ಏನಂತೆ ನಿನ್ನ ಫ್ರೇಮಿನವರು?”

“ಬಿಟ್ಟು ಹೋಗ್ತೀನಿ ಅಂತ ಮಾತು ಕೊಟ್ಟೆ ಮಾವ. ಮದುವೆಗೆ ಒಪ್ಕೊಂಡ್ರು.”

ಮಾವ ಕನ್ನಡಕ ತೆಗೆದು, ನನ್ನನ್ನೇ ನೋಡಿ, ಮತ್ತೆ ಹಾಕಿಕೊಂಡರು.

ನಮ್ಮ ಮಗಳು ಹೋದ ವರ್ಷ ಕಾಲೇಜು ಮುಗಿಸಿದಳು. ಆ ಮಾತು ನಡೆಸಿಕೊಡುವ ಪ್ರಸಂಗ ನನಗೆ ಇನ್ನೂ ಬಂದಿಲ್ಲ.